ಗಿಲಾವ್ ಆಗೋ ಮೊದಲು ಗೋಡೆಯ ಫೋಟೋ ತೆಗೀರಿ



ಪೋಸ್ಟ್ ಉದ್ದ ಐತಿ, ಮೊದಲೇ ಹೇಳಿಬಿಡ್ತೀನಿ. ಮೂರ್ತಿ, ಮೆರವಣಿಗೆ, ಮೀಸಲಾತಿ ಯಾವುದೂ ಇದರಾಗ ಇಲ್ಲ. ಇದು ಮನೆ ವೈರಿಂಗ್ ಬಗ್ಗೆ. ಗೋಡೆ ಕಟಿಂಗ್ ಮಾಡಿ ಒಳಗೆ ವೈರ್ ಹಾಕಿ ಮೇಲೆ ಗಿಲಾವ್ ಮಾಡ್ತಾರಲ್ಲ, ಆ ವೈರ್ ಬಗ್ಗೆ. "ಇವನಿಗೆ ಬ್ಯಾರೆ ಕೆಲಸ ಇಲ್ಲೇನು" ಅನ್ನೋರು ಇಲ್ಲೇ ಬಿಡಬಹುದು. ಬಿಡೋ ಮೊದಲು ನಿಮ್ಮ ಮನೆಯ ಸ್ವಿಚ್ ಬೋರ್ಡಿನ ಮೇಲಿನ ಗೋಡೆ ಒಮ್ಮೆ ನೋಡ್ರಿ. ಅದರೊಳಗೆ ವೈರ್ ಯಾವ ದಾರಿಯಿಂದ ಹೋಗೈತಿ? ಪೈಪಿನೊಳಗೆ ಹೋಗೈತೋ, ಬರೀ ಸಿಮೆಂಟಿನೊಳಗೆ ಹೋಗೈತೋ? ಗೊತ್ತಿಲ್ಲ ಅಂದ್ರ ಮುಂದ ಓದ್ರಿ.

ಸಂಘಟನೆ ಕೆಲಸಕ್ಕಂತ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕಿನ ಕೇರಿಗಳಲ್ಲಿ ಓಡಾಡುವಾಗ ಕಟ್ಟುತ್ತಿರುವ ಮನೆ ಕಂಡ್ರ ಒಳಗೆ ಹೊಕ್ಕು ನೋಡುವ ಚಟ ನನಗೆ. ಯೋಜನೆಯ ಮನೆಗಳಲ್ಲಿ ಕಂಡದ್ದು ಹೆಚ್ಚುಕಡಿಮೆ ಒಂದೇ. ಮೂಲೆಯಿಂದ ಮೂಲೆಗೆ ಓರೆಯಾಗಿ ಹೊಡೆದ ಕಟಿಂಗ್. ಅರ್ಧ ಇಂಚು ಆಳವೂ ಇಲ್ಲ. ಅದರೊಳಗೆ ಬರೀ ವೈರ್ ಒತ್ತಿ, ಅಲ್ಲಲ್ಲಿ ಮೊಳೆ ಬಡಿದು ಬಗ್ಗಿಸಿ ಹಿಡಿಸಿ, ಮೇಲೆ ಗಿಲಾವ್. ಪೈಪ್ ಇದ್ದರೆ ಬೋರ್ಡಿನ ಬಾಯಲ್ಲಿ ಒಂದು ಗೇಣು, ನೋಡಿದವರ ಕಣ್ಣಿಗೆ ಬೀಳುವಷ್ಟು. ಜಾಯಿಂಟ್‌ಗೆ ಕರಿ ಟೇಪ್ ಸುತ್ತಿ ಅದನ್ನೂ ಗೋಡೆಯಾಗ ಹೂಳಿರ್ತಾರ. ಹಸಿರು ವೈರ್, ಅಂದ್ರ ಅರ್ಥಿಂಗ್, ಕಾಣೋದೇ ಇಲ್ಲ.

ಅದೇ ಗೌಂಡಿ, ಅದೇ ಲೈಟಿನವ ಊರೊಳಗಿನ ದೊಡ್ಡವರ ಮನೆ ಕೆಲಸಕ್ಕೆ ಹೋದಾಗ ಪೈಪ್ ಹಾಕ್ತಾನ, ಬೆಂಡ್ ಹಾಕ್ತಾನ, ಜಂಕ್ಷನ್ ಬಾಕ್ಸ್ ಇಡ್ತಾನ. ಕೈ ಅದೇ, ಕಸಬು ಅದೇ. ಹಂಗಾದ್ರ ಫರಕ್ ಎಲ್ಲಿಂದ ಬಂತು? ಒಮ್ಮೆ ಒಬ್ಬ ಗುತ್ತಿಗೆದಾರನಿಗೆ ನೇರವಾಗಿ ಕೇಳಿದೆ. "ಸರ, ಇದು ಕೇರಿ ಮನಿ. ಎರಡು ಬಲ್ಬು, ಒಂದು ಫ್ಯಾನು. ಇದಕ್ಕ್ಯಾಕ್ರಿ ಪೈಪು?" ಅಂದ. ಸಿಟ್ಟಿಲೆ ಅಲ್ಲ, ನಕ್ಕೋತ ಅಂದ. ಅವನಿಗೆ ಅದರಾಗ ತಪ್ಪು ಏನೂ ಕಾಣಲಿಲ್ಲ. ಬೈಗುಳ ಆಗಿದ್ರ ಕೇಸ್ ಹಾಕಬಹುದಿತ್ತು. ಇದಕ್ಕೇನು ಮಾಡ್ತೀರಿ?

ಈ "ಎರಡು ಬಲ್ಬು" ಅನ್ನೋ ಲೆಕ್ಕ ಇವತ್ತಿನದಲ್ಲ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಕಾಲದಿಂದ ಬಂದದ್ದು. ಬಡವನ ಮನೆಗೆ ಒಂದು ದೀಪ ಸಾಕು ಅಂತ ಸರಕಾರವೇ ಬರೆದಿಟ್ಟ ಲೆಕ್ಕ. 2017ರಲ್ಲಿ ಕೇಂದ್ರದ ಸೌಭಾಗ್ಯ ಬಂತು, ಅದರಾಗೂ ಬಡ ಮನೆಯೊಳಗೆ ಒಂದೇ ಪಾಯಿಂಟ್ ವೈರಿಂಗ್, ಒಂದು ಎಲ್‌ಇಡಿ ಬಲ್ಬು. ನಮ್ಮ ಮನೆಗಳು ಅಲ್ಲೇ ನಿಂತಾವೇನು? ಈಗ ಮಿಕ್ಸರ್ ಐತಿ, ಟಿವಿ ಐತಿ, ಇಸ್ತ್ರಿ ಪೆಟ್ಟಿಗೆ ಐತಿ, ನೀರು ಕಾಸೋ ಕಾಯಿಲ್ ಐತಿ. ವಿಜಯಪುರದ ಬ್ಯಾಸಗಿಗೆ ಕೂಲರ್ ಇಲ್ಲದ ಮನೆ ಕಡಿಮೆ. ಒಂದು ಬಲ್ಬಿಗಂತ ಹಾಕಿದ ಸಣ್ಣ ವೈರಿಗೆ ಇಷ್ಟನ್ನೂ ಕಟ್ತೀವಿ. ವೈರ್ ಬಿಸಿ ಆಗತೈತಿ. ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ, ಒಣಗಿ, ಸೀಳು ಬಿಡತೈತಿ. ಗೋಡೆಯೊಳಗೆ ಆಗೋದರಿಂದ ಯಾರಿಗೂ ಕಾಣೋದಿಲ್ಲ.

ನಾನು ಎಲೆಕ್ಟ್ರಿಷಿಯನ್ ಅಲ್ಲ, ಆಫೀಸಿನಾಗ ಫೈಲ್ ಹೊರುವ ಗುಮಾಸ್ತ. ಕಸಬು ಬಲ್ಲವರನ್ನ ಕೇಳಿ, ಓದಿ ತಿಳ್ಕೊಂಡದ್ದನ್ನ ಹೇಳ್ತೀನಿ.

ಪೈಪ್ ಯಾಕೆ ಬೇಕು? ಗಿಲಾವ್ ಮಾಡುವಾಗ ಕರಣಿಯ ಅಂಚು ತಾಗಿ ವೈರಿನ ಹೊದಿಕೆ ಕೊಯ್ದುಹೋಗಬಹುದು. ಉಸುಕಿನ ಹರಳು ಒತ್ತಬಹುದು. ಮೊಳೆ ಬಗ್ಗಿಸಿ ಹಿಡಿಸಿದ ಕಡೆ ಮೊಳೆಯೇ ಕಚ್ಚಬಹುದು. ಮ್ಯಾಲೆ ನಮ್ಮದು ಎರಿ ಭೂಮಿ. ಮಳೆಗಾಲದಾಗ ಉಬ್ಬತೈತಿ, ಬ್ಯಾಸಗಿಯಾಗ ಬಿರಿತೈತಿ. ಪಾಯ ಆಳ ಇಲ್ಲದ ಮನೆಯ ಗೋಡೆ ಎರಡು ವರ್ಷದಾಗ ಸೀಳು ಬಿಡೋದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಸಿಮೆಂಟಿನಾಗ ಕಚ್ಚಿಕೊಂಡ ವೈರ್ ಆ ಸೀಳಿನ ಜೊತೆ ಜಗ್ಗತೈತಿ. ಪೈಪಿನೊಳಗಿನ ವೈರಿಗೆ ಸರಿದಾಡಾಕ ಜಾಗ ಇರತೈತಿ. ಕೆಟ್ಟರೆ ಗೋಡೆ ಒಡೆಯದೆ ಹಳೇದು ಎಳೆದು ಹೊಸದು ಹಾಕಬಹುದು. ಪೈಪ್ ಇಲ್ಲದ ಗೋಡೆಯಲ್ಲಿ ವೈರ್ ಬದಲಿಸಬೇಕಂದ್ರ ಗೋಡೆಯನ್ನೇ ಒಡೀಬೇಕು. ದಿನಗೂಲಿ ಮನೆಯವರು ಒಡೀತಾರೇನು? ಜುಮುಜುಮು ಅಂದ್ರೂ ಹಂಗೇ ಬಾಳೇವು ಮಾಡ್ತಾರ.

"ಎಂಸಿಬಿ ಐತಲ್ಲ, ಬೀಳತೈತಿ ಬಿಡ್ರಿ" ಅಂತಾರ. ಇದು ದೊಡ್ಡ ಸುಳ್ಳು. 6 ಆಂಪಿಯರಿನ ಎಂಸಿಬಿ ಅಂದ್ರ 6000 ಮಿಲಿಆಂಪಿಯರ್ ತನಕ ಅದು ಅಲುಗಾಡೋದಿಲ್ಲ. ಅದು ಇರೋದು ವೈರ್ ಸುಡಬಾರದು ಅಂತ. ಮನುಷ್ಯನ ಮೈಯೊಳಗೆ 30 ಮಿಲಿಆಂಪಿಯರಿಗಿಂತ ಹೆಚ್ಚು ಹರಿದ್ರ ಜೀವಕ್ಕೇ ಸಂಚಕಾರ. ನಡುವಿನ ಅಂತರ 200 ಪಟ್ಟು. ಒದ್ದೆ ಗೋಡೆಗೆ ಕರೆಂಟ್ ಇಳಿದು, ಆ ಗೋಡೆಗೆ ಕೂಸು ಕೈ ಇಟ್ಟರೆ ಎಂಸಿಬಿಗೆ ಏನೂ ಗೊತ್ತಾಗೋದಿಲ್ಲ. ಅದನ್ನ ಹಿಡಿಯೋ ಸಾಧನ ಬ್ಯಾರೆ, ಆರ್‌ಸಿಸಿಬಿ ಅಂತಾರ. 30 ಮಿಲಿಆಂಪಿಯರ್ ಸೋರಿದರೆ ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡೀತೈತಿ.

ಕಾನೂನು ಏನು ಮಾಡಿತ್ತು ಕೇಳ್ರಿ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲಿ ಇಂಥ ಸೋರಿಕೆ ತಡೆಯುವ ಸಾಧನ ಕಡ್ಡಾಯ ಅಂತ ಬರೆದು, 5 ಕಿಲೋವ್ಯಾಟ್‌ಗಿಂತ ಕಡಿಮೆ ಲೋಡಿನ ಮನೆಗಳನ್ನ ಹೊರಗಿಟ್ಟರು. ಯಾರ ಮನೆ ಲೋಡು ಕಡಿಮೆ? ಯಾರ ಮನೆ ಗೋಡೆ ಸೋರತೈತಿ? ಎರಡೂ ಒಂದೇ ಮನೆ. ಏಸಿ ಇದ್ದ ಬಂಗಲೆಗೆ ರಕ್ಷಣೆ, ಪತ್ರಾಸ್ ಮನೆಗೆ ರಿಯಾಯಿತಿ. ಸಾಯೋದಕ್ಕೆ ರಿಯಾಯಿತಿ.

ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಮಾತು ಹೇಳ್ತೀನಿ. ಊರ ಹೆಸರು, ಮನೆಯವರ ಹೆಸರು ಬ್ಯಾಡ. ಹೊಸ ಮನೆ. ಏಪ್ರಿಲ್ 14ರ ಹಿಂದಿನ ದಿನ ಆ ಮನೆ ಹುಡುಗ ಬಾಬಾಸಾಹೇಬರ ಫೋಟೋ ಹಾಕಾಕ ಗೋಡೆಗೆ ಮೊಳೆ ಬಡದ. ಸ್ವಿಚ್ ಬೋರ್ಡು ಅಲ್ಲಿಂದ ಆರು ಅಡಿ ದೂರ. ಅಲ್ಲಿ ವೈರ್ ಇರಬಹುದು ಅಂತ ಯಾವ ಮನುಷ್ಯನಿಗೂ ಅನ್ನಿಸೋದಿಲ್ಲ. ಆದ್ರ ಓರೆ ಕಟಿಂಗ್ ಅಲ್ಲೇ ಹಾದಿತ್ತು. ಬಡಿದಾಗ ಕರೆಂಟ್ ಇರಲಿಲ್ಲ, ಏನೂ ಆಗಲಿಲ್ಲ. ಜೂನ್ ತಿಂಗಳ ಮಳೆಗೆ ಗೋಡೆ ಒದ್ದಿ ಆತು, ನೆಲ ಒದ್ದಿ ಆತು. ಅವನ ಅವ್ವ ಬರಿಗಾಲಿನಾಗ ನಿಂತು ಫೋಟೋದ ಧೂಳು ಒರಸಾಕ ಹೋಗಿ ಮೊಳೆಗೆ ಕೈ ತಾಗಿಸಿಬಿಟ್ಟಳು. ಹಿಂದಕ್ಕ ಬಿದ್ದ ರಭಸಕ್ಕೆ ಕೈ ಬಿಡ್ತು, ಜೀವ ಉಳೀತು. ಎರಡು ಬೆರಳು ಇವತ್ತಿಗೂ ಮಡಚಾಕ ಬರೂದಿಲ್ಲ. ನಾನು ನೋಡಾಕ ಹೋದಾಗ ಆ ತಾಯಿ ಅಂದದ್ದು: "ತಮ್ಮಾ, ಬೆರಳು ಹೋದ್ರ ಹೋಗ್ಲಿ. ನಿಮ್ಮ ಬಾಬಾಸಾಹೇಬನ್ನ ಮುಟ್ಟಿದ್ರ ಕರೆಂಟ್ ಹೊಡಿತೈತಿ ಅಂತ ಊರಾಗ ಮಂದಿ ನಗಾಕ ಹತ್ಯಾರ ನೋಡಪಾ."

ಆ ಮನೆಯವರ ಪರವಾಗಿ ನಾನು ಮೂರು ಬಾಗಿಲು ತಟ್ಟಿದೆ. ಒಂದು ಕಡೆ "ಮೀಟರ್ ತನಕ ಅಷ್ಟ ನಮ್ಮದು, ಅದರಾಚೆ ಗ್ರಾಹಕರದು" ಅಂದ್ರು. ಇನ್ನೊಂದು ಕಡೆ "ವೈರಿಂಗ್ ಫಲಾನುಭವಿಯ ಜವಾಬ್ದಾರಿ" ಅಂದ್ರು. ಗುತ್ತಿಗೆ ಮಾಡಿದವ "ಪೈಪ್ ಹಾಕೀನಿ, ಬೇಕಾದ್ರ ಗೋಡೆ ಒಡೆದು ನೋಡ್ಕೋರಿ" ಅಂದ. ಇಲ್ಲೈತಿ ನೋಡ್ರಿ ಇದರ ಗುಟ್ಟು. ಬಿದ್ದ ಛತ್ತು ಕಾಣತೈತಿ, ಬಿರಿದ ಪಾಯ ಕಾಣತೈತಿ. ಗೋಡೆಯೊಳಗಿನ ಕಳ್ಳತನಕ್ಕೆ ಮಾತ್ರ ಗಿಲಾವೇ ಸಾಕ್ಷಿ ಮುಚ್ಚಿಹಾಕತೈತಿ. ಸಾಕ್ಷಿ ಬೇಕಂದ್ರ ಬಡವನೇ ತನ್ನ ಮನೆ ಒಡೀಬೇಕು.

ಎನ್‌ಸಿಆರ್‌ಬಿ ಲೆಕ್ಕದಾಗ 2021ರಲ್ಲಿ ದೇಶದಾಗ ಕರೆಂಟ್ ತಾಗಿ ಸತ್ತವರು 12 ಸಾವಿರಕ್ಕೂ ಹೆಚ್ಚು. ಆ ಪಟ್ಟಿಯಾಗ ಗಂಡು ಹೆಣ್ಣು ಐತಿ, ವಯಸ್ಸು ಐತಿ. ಜಾತಿಯ ಕಾಲಂ ಇಲ್ಲ. ಹಂಗಾಗಿ ಇದು "ಆಕಸ್ಮಿಕ".

ಈಗ ಯೋಜನೆಯ ಮನೆಗೆ ಬರ್ರಿ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದ ಸಹಾಯಧನ ಬಯಲುಸೀಮೆಗೆ 1,20,000 ರೂಪಾಯಿ. 2016ರಾಗ ಇಟ್ಟ ರೊಕ್ಕ, ಇವತ್ತಿಗೂ ಅಷ್ಟೇ. ಸಿಮೆಂಟು, ಉಸುಕು, ಕಬ್ಬಿಣದ ರೇಟು ಎಲ್ಲಿಗೆ ಹೋಗೈತಿ ಅಂತ ನಿಮಗೆ ಹೇಳಬೇಕಾಗಿಲ್ಲ. ಈ ಯೋಜನೆಯ ಗುರಿಯಾಗ ಕನಿಷ್ಠ 60 ಭಾಗ ಪರಿಶಿಷ್ಟ ಜಾತಿ, ಪಂಗಡಕ್ಕೆ ಅಂತ ನಿಯಮ. ಅಂದ್ರ ಇಲ್ಲಿ ಕಡಿಮೆ ಬಿದ್ದ ಪ್ರತಿ ರೂಪಾಯಿಯೂ ಹೆಚ್ಚಾಗಿ ನಮ್ಮ ಗೋಡೆಯಿಂದ ಕಡಿಮೆ ಬಿದ್ದದ್ದು. ರೊಕ್ಕ ಸಾಲದಾಗ ಮೊದಲು ಏನು ಬಿಡ್ತಾರ? ಕಣ್ಣಿಗೆ ಕಾಣದ್ದನ್ನ ಬಿಡ್ತಾರ. ಪೈಪು, ಅರ್ಥಿಂಗು.

ಕಂತು ಹ್ಯಾಂಗ ಬಿಡ್ತಾರ ಗೊತ್ತಲ್ಲ? ಮೊಬೈಲಿನಾಗ ಜಿಪಿಎಸ್ ಫೋಟೋ. ಪಾಯದ ಫೋಟೋ, ಲಿಂಟಲ್ ಫೋಟೋ, ಛತ್ತಿನ ಫೋಟೋ, ಮುಗಿದ ಮನೆಯ ಮುಂದೆ ಫಲಾನುಭವಿ ನಿಂತ ಫೋಟೋ. ಆ ಕೊನೇ ಫೋಟೋದಾಗ ನಮ್ಮ ಅವ್ವಂದಿರು ಹೊಸ ಸೀರೆ ಉಟ್ಟು ನಿಂತಿರ್ತಾರ. ಕಟಿಂಗ್ ತೆರೆದಿದ್ದಾಗಿನ ಗೋಡೆಯ ಫೋಟೋ ಒಂದೂ ಕೇಳೋದಿಲ್ಲ. ಸರಕಾರಕ್ಕೆ ಇದಕ್ಕೆ ಹೊಸ ಇಲಾಖೆ ಬೇಕಾಗಿಲ್ಲ, ಹೊಸ ಹುದ್ದೆ ಬೇಕಾಗಿಲ್ಲ. ಅದೇ ಮೊಬೈಲ್, ಅದೇ ಸಿಬ್ಬಂದಿ, ಇನ್ನೊಂದು ಫೋಟೋ. ನನ್ನ ಒಂದೇ ಬೇಡಿಕೆ ಇದು: ಗಿಲಾವಿಗೆ ಮೊದಲು ಪೈಪ್ ಕಾಣುವ ಗೋಡೆಯ ಫೋಟೋ ಏರಿಸದೆ ಮುಂದಿನ ಹಂತ ಪಾಸ್ ಆಗಬಾರದು. ಪೈಪು, ಬೆಂಡು, ಬಾಕ್ಸಿಗಂತ ಕಂತಿನ ಜೊತೆ ಬ್ಯಾರೆ ರೊಕ್ಕ ಇರಬೇಕು. ಎರಡು ಖೋಲಿ, ಒಂದು ಅಡಿಗೆ ಮನೆಗೆ ಇಷ್ಟೆಲ್ಲಾ ಸೇರಿ ನಮ್ಮ ಕಡೆ ಅಂಗಡಿ ರೇಟಿನಾಗ ನನ್ನ ಅಂದಾಜು ಮೂರ್ನಾಲ್ಕು ಸಾವಿರ. ಒಂದು ಶಂಕುಸ್ಥಾಪನೆಯ ಪೆಂಡಾಲಿಗೆ ಇದಕ್ಕಿಂತ ಹೆಚ್ಚು ಹೋಗತೈತಿ.

"ಫಲಾನುಭವಿಯೇ ಕಟ್ಟಿಕೊಳ್ಳುವ ಮನೆ, ಅವರೇ ನೋಡ್ಕೋಬೇಕು" ಅನ್ನೋ ವಾದ ಬರತೈತಿ, ಬರಲಿ. ಹಂಗಾದ್ರ ಪಾಯದ ಫೋಟೋ ಯಾಕೆ ಕೇಳ್ತೀರಿ? ಅದೂ ಅವರದೇ ಪಾಯ ಅಲ್ಲೇನು? ನಿಮ್ಮ ರೊಕ್ಕ ಮಣ್ಣುಪಾಲಾಗಬಾರದು ಅಂತ ಕೇಳ್ತೀರಿ. ಜೀವ ಮಣ್ಣುಪಾಲಾಗಬಾರದು ಅಂತನೂ ಕೇಳ್ರಿ.

ಬಾಬಾಸಾಹೇಬರ ಹೆಸರಿನ ಮನೆ ಅಂತೀವಿ, ಅವರಿಗೂ ಕರೆಂಟಿಗೂ ಏನು ಸಂಬಂಧ ಅಂತ ನಮ್ಮಲ್ಲೇ ಭಾಳ ಮಂದಿಗೆ ಗೊತ್ತಿಲ್ಲ. 1942ರಿಂದ 1946ರ ತನಕ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ವಿಷಯ ಅವರ ಕೈಯಲ್ಲಿತ್ತು. 1943ರ ಅಕ್ಟೋಬರಿನಲ್ಲಿ ವಿದ್ಯುತ್ ನೀತಿಯ ಸಮಿತಿಯ ಅಧ್ಯಕ್ಷತೆ ವಹಿಸಿ, ಈ ದೇಶದ ಬಡತನ ಹೋಗಬೇಕಾದ್ರ ಕೈಗಾರಿಕೆ ಬೇಕು, ಕೈಗಾರಿಕೆಗೆ ಅಗ್ಗದ, ಹೇರಳ ವಿದ್ಯುತ್ ಬೇಕು ಅಂತ ವಾದ ಮಾಡಿದವರು ಅವರು. ಆ ವಿದ್ಯುತ್ ಇವತ್ತು ನಮ್ಮ ಸೀಮೆಯಲ್ಲೇ ಹುಟ್ಟತೈತಿ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವ್ಯಾಟ್. ಆಲಮಟ್ಟಿ ಅಣೆಕಟ್ಟಿನ ಕೆಳಗೆ 290 ಮೆಗಾವ್ಯಾಟ್. ಹೊಲ ನಮ್ಮ ಜನರದು ಹೋಯಿತು, ಊರು ಮುಳುಗಿತು, ಟವರ್ ಲೈನ್ ನಮ್ಮ ತಲೆ ಮ್ಯಾಲೆ ಹಾದುಹೋಯಿತು. ಆ ಟವರಿನ ಕಾಲಿಗೆ ಮುಳ್ಳುತಂತಿ ಸುತ್ತಿ ಅಪಾಯದ ಬೋರ್ಡ್ ಹಾಕ್ಯಾರ. ಕೇರಿಯ ಗೋಡೆಗೆ ಬೋರ್ಡೂ ಇಲ್ಲ, ಪೈಪೂ ಇಲ್ಲ.

ಇದಕ್ಕಿಂತ ಹೊಟ್ಟೆ ಉರಿಯೋ ಮಾತು ಇನ್ನೊಂದು. ಸಿಂದಗಿ, ಇಂಡಿ ಕಡೆಯ ನಮ್ಮ ಹುಡುಗರು ದುಡಿಯಾಕ ಪುಣೆ, ಮುಂಬೈ, ಗೋವಾಕ್ಕ ಹೋಗ್ತಾರ. ಅಲ್ಲಿ ಅಪಾರ್ಟ್‌ಮೆಂಟ್ ಗೋಡೆ ಕಟಿಂಗ್ ಮಾಡೋರು ಇವರೇ. ಮಷೀನ್ ಹಿಡಿದು, ಬಾಯಿಗೆ ಒಂದು ಅರಿವೆ ಕಟ್ಟಿ, ದಿನವಿಡೀ ಆ ಧೂಳು ಕುಡಿದು (ಆ ಧೂಳಿನ ಬಗ್ಗೆನೇ ಒಂದು ಪೋಸ್ಟ್ ಬರೀಬೇಕು) ಯಾರದೋ ಮನೆಗೆ ಅಳತೆ ಹಿಡಿದು ಪೈಪ್ ಕೂಡಿಸ್ತಾರ. ಅಲ್ಲಿ ಒಂದು ಕ್ಲಾಂಪ್ ತಪ್ಪಿದ್ರ ಸುಪರ್‌ವೈಜರ್ ಪಗಾರ ಮುರೀತಾನ. ಜಾತ್ರೆಗೆ ಊರಿಗೆ ಬಂದು ಮಲಗೋದು ಬೆತ್ತಲೆ ವೈರ್ ಹೂತ ಗೋಡೆಯ ಬಾಜೂಕ.

2023ರ ಆಗಸ್ಟಿನಿಂದ ಗೃಹಜ್ಯೋತಿ ಐತಿ. 200 ಯೂನಿಟ್ ಮಿತಿಯೊಳಗೆ ಬಿಲ್ ಇಲ್ಲ. ಒಳ್ಳೇದು, ನಾನು ವಿರೋಧಿ ಅಲ್ಲ, ನನ್ನ ಮನೆಗೂ ಬರತೈತಿ. ಆದ್ರ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ರೊಕ್ಕದಾಗ 11 ಸಾವಿರ ಕೋಟಿಗೂ ಹೆಚ್ಚು 2023-24ರಲ್ಲಿ ಗ್ಯಾರಂಟಿಗಳಿಗೆ ಹೋಯಿತಲ್ಲ, ಅದರ ಲೆಕ್ಕ ಕೇಳೋ ಹಕ್ಕು ನಮಗೈತಿ. ನಮ್ಮ ರೊಕ್ಕದಾಗ ನಮಗೇ ಪುಕ್ಕಟೆ ಕರೆಂಟ್ ಅಂತ ಹೇಳಿ, ಆ ಕರೆಂಟ್ ಹರಿಯೋ ವೈರಿಗೆ ಹೊದಿಕೆ ಇಲ್ಲದಂಗ ಬಿಟ್ಟರೆ ಅದು ಯಾವ ಸೀಮೆ ಅಭಿವೃದ್ಧಿ? ಅದೇ ರೊಕ್ಕದಾಗ ಕೇರಿಯ ಪ್ರತಿ ಮನೆಗೂ ಒಂದು ಆರ್‌ಸಿಸಿಬಿ, ಒಂದು ಅರ್ಥಿಂಗ್ ಗುಂಡಿ ಅಂತ ಯಾವ ಶಾಸಕರಾದರೂ ಕ್ರಿಯಾಯೋಜನೆಯಲ್ಲಿ ಬರೆಸ್ಯಾರೇನು? ನಾನಂತೂ ಕಂಡಿಲ್ಲ. ಕಂಡದ್ದು ಕಮಾನು, ಸಮುದಾಯ ಭವನ, ಹೈಮಾಸ್ಟ್ ದೀಪ. ನಮ್ಮ ಮುಖಂಡರೂ ಇದರಾಗ ಪಾಲುದಾರರೇ. ಹೈಮಾಸ್ಟ್ ಉದ್ಘಾಟನೆಗೆ ಹಾರ ಹಾಕಿಸಿಕೊಳ್ಳೋದು ಸುಲಭ, ಗೋಡೆಯೊಳಗಿನ ಪೈಪಿಗೆ ಯಾರು ಹಾರ ಹಾಕ್ತಾರ?

ಮನೆ ಕಟ್ಟಾಕ ಹತ್ತಿದವರಿಗೆ ನಾಲ್ಕು ಮಾತು. ಛತ್ತು ಹಾಕೋ ಮೊದಲೇ ಲೈಟಿನವನನ್ನ ಕರೀರಿ, ಛತ್ತು ಆದಮ್ಯಾಲೆ ಅಲ್ಲ. ಕಟ್ಟಡದ ನಿಯಮದಾಗ ಅಡ್ಡ ಕಟಿಂಗ್ ಗೋಡೆ ದಪ್ಪದ ಆರರಲ್ಲಿ ಒಂದು ಭಾಗ, ನೆಟ್ಟಗಿನ ಕಟಿಂಗ್ ಮೂರರಲ್ಲಿ ಒಂದು ಭಾಗ ದಾಟಬಾರದು. ನಮ್ಮ ಯೋಜನೆ ಮನೆಯ ಒಳಗೋಡೆ 4 ಇಂಚಿನ ಬ್ಲಾಕ್ ಆಗಿದ್ರ ಅಡ್ಡ ಕಟಿಂಗ್‌ಗೆ ಸಿಗೋದು 17 ಮಿಲಿಮೀಟರ್ ಒಳಗೆ. 20 ಮಿಲಿಮೀಟರ್ ಪೈಪ್ ಅದರಾಗ ಕೂಡೋದಿಲ್ಲ. ಅದಕ್ಕೇ ಪೈಪ್ ಬಿಟ್ಟು ಬರೀ ವೈರ್ ಒತ್ತತಾರ. ದಾರಿ ಏನಂದ್ರ, ಕಬ್ಬಿಣ ಕಟ್ಟಿದ ಮ್ಯಾಲೆ ಕಾಂಕ್ರೀಟ್ ಸುರಿಯೋ ಮೊದಲು ಛತ್ತಿನೊಳಗೇ ಪೈಪ್ ಓಡಿಸಿ, ಅಲ್ಲಿಂದ ಬೋರ್ಡಿಗೆ ನೆಟ್ಟಗೆ ಇಳಿಸೋದು. ನೆಟ್ಟಗೆ ಇಳಿದ್ರ ಇನ್ನೊಂದು ಲಾಭ: ಬೋರ್ಡಿನ ಮ್ಯಾಲೆ ಕೆಳಗೆ ಮೊಳೆ ಬಡೀಬಾರದು ಅಂತ ಮನೆಯವರಿಗೆಲ್ಲಾ ಗೊತ್ತಿರತೈತಿ. ಪ್ಲಾಸ್ಟಿಕ್ ಪೈಪ್ ಮೊಳೆಯನ್ನ ತಡೀತೈತಿ ಅಂತ ಮಾತ್ರ ತಿಳೀಬ್ಯಾಡ್ರಿ, ತಡೆಯೋದಿಲ್ಲ. ನೆಟ್ಟಗಿನ ದಾರಿ ಮತ್ತು ಆರ್‌ಸಿಸಿಬಿ, ಇವೆರಡೇ ಅದಕ್ಕೆ ಮದ್ದು. ಐಎಸ್‌ಐ ಗುರುತಿನ ಪೈಪ್ ತರ್ರಿ, 60 ಸೆಂಟಿಮೀಟರಿಗೊಂದು ಹಿಡಿತ ಇರಲಿ, ಜಾಯಿಂಟ್ ಏನಿದ್ರೂ ಬಾಕ್ಸಿನೊಳಗೆ ಇರಲಿ. ಪತ್ರಾಸ್ ಮನೆಯವರು ವೈರ್ ತಗಡಿಗೆ ತಾಗದಂಗ ನೋಡ್ಕೋರಿ. ತಾಗಿದ್ರ ಇಡೀ ಮಾಡೇ ಕರೆಂಟ್ ಆಗತೈತಿ.

ಕರೆಂಟ್ ಕನೆಕ್ಷನ್ ತಗೊಳ್ಳುವಾಗ ಲೈಸೆನ್ಸ್ ಇದ್ದ ಗುತ್ತಿಗೆದಾರ ವೈರಿಂಗ್ ಮುಗಿದು ಪರೀಕ್ಷೆ ಆಗೈತಿ ಅಂತ ವರದಿಗೆ ಸಹಿ ಹಾಕಿರ್ತಾನ. ಆ ಕಾಗದದ ನಕಲು ಕೇಳಿ ಇಟ್ಕೋರಿ. ಮೆಗ್ಗರ್ ಹಚ್ಚಿ ನೋಡಿದಾಗ 1 ಮೆಗಾಓಮ್‌ಗಿಂತ ಕಡಿಮೆ ಬರಬಾರದು. ಮನೆಗೆ ಕಾಲಿಡದೆ ಸಹಿ ಹಾಕೋರು ಅದಾರ, ಅದಕ್ಕೇ ನಕಲು ಬೇಕು ಅನ್ನೋದು. ಅನಾಹುತ ಆದ್ರ ಸುಮ್ಮನೆ ಹೂಳಬ್ಯಾಡ್ರಿ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಮಿನಾಗ ವಿದ್ಯುತ್ ಪರಿವೀಕ್ಷಕರಿಂದ ವಿಚಾರಣೆಗೆ ಅವಕಾಶ ಐತಿ. ಬರವಣಿಗೆಯಲ್ಲಿ ಕೇಳ್ರಿ.

ಇನ್ನು ಮಾಹಿತಿ ಹಕ್ಕಿನ ಕೆಲಸ. ಈ ನಾಲ್ಕು ತಾಲ್ಲೂಕಿನ ಗೆಳೆಯರು ತಂತಮ್ಮ ಗ್ರಾಮ ಪಂಚಾಯಿತಿಗೆ ಒಂದೊಂದು ಅರ್ಜಿ ಹಾಕ್ರಿ. 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. ಕಳೆದ ಮೂರು ವರ್ಷದಾಗ ಪರಿಶಿಷ್ಟ ಜಾತಿ, ಪಂಗಡದ ವಸತಿ ಫಲಾನುಭವಿಗಳ ಎಷ್ಟು ಮನೆ ಮುಗಿದಾವು, ಅಂದಾಜು ಪಟ್ಟಿಯಾಗ ವೈರಿಂಗ್ ಪೈಪ್ ಮತ್ತು ಅರ್ಥಿಂಗಿಗೆ ಎಷ್ಟು ರೊಕ್ಕ ತೋರಿಸ್ಯಾರ, ಗಿಲಾವಿಗೆ ಮೊದಲು ಯಾವ ಅಧಿಕಾರಿ ನೋಡ್ಯಾರ, ಯಾವ ತಾರೀಖಿಗೆ. ಇಷ್ಟೇ. ಉತ್ತರಕ್ಕೆ 30 ದಿನ. ನಮೂನೆ ನಾನು ಟೈಪ್ ಮಾಡಿಟ್ಟೀನಿ, ಮೆಸೇಜ್ ಮಾಡಿದವರಿಗೆ ರಾತ್ರಿ ಆಫೀಸ್ ಕೆಲಸ ಮುಗಿದ ಮ್ಯಾಲೆ ಕಳಸ್ತೀನಿ. ಮುಂದಿನ ವಾರ ಛತ್ತು ಹಾಕೋರು ಇದ್ರ ಅರ್ಜಿ ಆಮೇಲೆ, ಮೊದಲು ಫೋನ್ ಮಾಡ್ರಿ. ಪೈಪ್ ಕೂಡಿಸೋ ಕಸಬು ಬಲ್ಲ ಇಬ್ಬರು ಹುಡುಗರು ಜಾತ್ರೆಗಂತ ಪುಣೆಯಿಂದ ಊರಿಗೆ ಬಂದಾರ, ಅಮಾವಾಸ್ಯೆ ತನಕ ಇರ್ತಾರ.